ಎಮಿರಟೈಸೇಷನ್ ಗುರಿಯೂ ನಿಮ್ಮ ಎಚ್‌ಆರ್ ಡೇಟಾವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಎಇಯ ಖಾಸಗಿ ಕಂಪನಿಗಳ ಎಚ್‌ಆರ್, ಅಡ್ಮಿನ್, ಅಕೌಂಟ್ಸ್ ವಿಭಾಗಗಳಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ ಕಡೆಯವರು ತುಂಬ ಜನ ಇದ್ದಾರೆ. ಜೂನ್ ಮತ್ತು ಡಿಸೆಂಬರ್ ಹತ್ತಿರ ಬಂತೆಂದರೆ ಇವರೆಲ್ಲರ ಮುಂದೆ ಒಂದೇ ಪ್ರಶ್ನೆ ಬಂದು ಕೂರುತ್ತದೆ: ಇನ್ನೂ ಎಷ್ಟು ಜನ ಎಮಿರಾಟಿಗಳು, ಅಂದರೆ ಯುಎಇ ಪ್ರಜೆಗಳು ಬೇಕು? ಖಾಸಗಿ ಕಂಪನಿಗಳು ಇಷ್ಟು ಎಮಿರಾಟಿಗಳಿಗೆ ಕೆಲಸ ಕೊಡಲೇಬೇಕು ಅನ್ನುವ ಸರ್ಕಾರದ ನೀತಿಯೇ ಎಮಿರಟೈಸೇಷನ್. ಈ ಬರಹ ಅವರಿಗಾಗಿ. ನಿಯಮ ಏನು ಅನ್ನುವುದರ ಜೊತೆಗೆ, ಕಂಪನಿಯಲ್ಲೇ ಬಿದ್ದಿರುವ ನೌಕರರ ಡೇಟಾವನ್ನು ಈ ಕೆಲಸಕ್ಕೆ ಹೇಗೆ ಬಳಸಬಹುದು ಅನ್ನುವುದನ್ನೂ ಇಲ್ಲಿ ಹೇಳಿದ್ದೇನೆ. ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಕೊನೆಯ ಮಾತು ಯಾವಾಗಲೂ ಮೊಹ್ರೆಯದು, ಅಂದರೆ ಮಾನವ ಸಂಪನ್ಮೂಲ ಮತ್ತು ಎಮಿರಟೈಸೇಷನ್ ಸಚಿವಾಲಯದ್ದು.

ಈ ಗುರಿ ಅಂದರೆ ಸರಿಯಾಗಿ ಏನು?

50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಕಂಪನಿ ತನ್ನ ಕೌಶಲ್ಯದ ಹುದ್ದೆಗಳಲ್ಲಿ ಎಮಿರಾಟಿ ಪ್ರಜೆಗಳ ಪಾಲನ್ನು ವರ್ಷಕ್ಕೆ ಶೇ 2ರಷ್ಟು ಏರಿಸುತ್ತಾ ಹೋಗಬೇಕು. 2022ರಲ್ಲಿ ಶುರುವಾದ ಈ ಲೆಕ್ಕ 2026ರ ಕೊನೆಗೆ ಶೇ 10 ಮುಟ್ಟಬೇಕು. 2023ರಿಂದ ಇದನ್ನು ಎರಡು ಕಂತು ಮಾಡಿದ್ದಾರೆ: ಜೂನ್ ಒಳಗೆ ಶೇ 1, ಡಿಸೆಂಬರ್ ಒಳಗೆ ಇನ್ನೊಂದು ಶೇ 1. ಬ್ಯಾಂಕು, ವಿಮಾ ಕಂಪನಿಗಳಿಗೆ ಸೆಂಟ್ರಲ್ ಬ್ಯಾಂಕಿನ ಬೇರೆಯೇ ಗುರಿ ಇದೆ. ಫ್ರೀಝೋನ್ ಕಂಪನಿಗಳಿಗೆ ಕಡ್ಡಾಯವಿಲ್ಲ.

ಇದೆಲ್ಲ ಯಾಕೆ ಬಂತು ಅನ್ನುವುದೂ ಗೊತ್ತಿರಲಿ. ಅಲ್ಲಿನ ಖಾಸಗಿ ವಲಯದಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಹೊರದೇಶದವರು. ಎಮಿರಾಟಿ ಯುವಕರು ಓದು ಮುಗಿಸಿ ಸರ್ಕಾರಿ ನೌಕರಿಗೆ ಕಾಯುತ್ತಿದ್ದರು. ಸರ್ಕಾರ ಎಲ್ಲರಿಗೂ ಕೆಲಸ ಕೊಡಲಾಗದು. ಅದಕ್ಕೇ 2021ರ ಸೆಪ್ಟೆಂಬರ್‌ನಲ್ಲಿ ಎಮಿರಾಟಿಗಳು ಖಾಸಗಿ ಕೆಲಸಕ್ಕೆ ಸೇರಲು ನೆರವಾಗುವ ‘ನಫೀಸ್’ ಯೋಜನೆ ಬಂತು, ಅದರ ಹಿಂದೆಯೇ ಈ ಗುರಿಗಳು ಬಂದವು. 2024ರ ಕೊನೆಗೆ ಖಾಸಗಿ ಕಂಪನಿಗಳಲ್ಲಿ 1,31,000ಕ್ಕೂ ಹೆಚ್ಚು ಎಮಿರಾಟಿಗಳು ಕೆಲಸ ಮಾಡುತ್ತಿದ್ದರು. ಗುರಿ ಕಾಗದದ ಮೇಲೇ ಉಳಿದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಕಂಪನಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ಎಲ್ಲರೂ ಮೊದಲು ಎಡವುವುದು ಇಲ್ಲೇ. ಒಟ್ಟು ನೌಕರರ ಸಂಖ್ಯೆ ನೋಡುವುದು ನಿಯಮ ನಿಮಗೆ ಅನ್ವಯಿಸುತ್ತದೋ ಇಲ್ಲವೋ ಅನ್ನುವುದಕ್ಕೆ ಮಾತ್ರ. ಗುರಿ ಹಾಕುವುದು ಕೌಶಲ್ಯದ ನೌಕರರ ಸಂಖ್ಯೆಯ ಮೇಲೆ. 600 ಜನರ ಕಟ್ಟಡ ಕಂಪನಿಯಲ್ಲಿ ಮೇಸ್ತ್ರಿ, ಕಬ್ಬಿಣ ಕಟ್ಟುವವರು, ಹೆಲ್ಪರ್‌ಗಳು 500 ಜನ ಇದ್ದರೆ ಲೆಕ್ಕ ಉಳಿದ 100 ಜನರ ಮೇಲೆ ನಡೆಯುತ್ತದೆ.

ಮೊಹ್ರೆಯ ವಾರ್ಷಿಕ ಲೆಕ್ಕ ಹೀಗಿದೆ: ಕೌಶಲ್ಯದ ನೌಕರರು 50ರವರೆಗೆ ಇದ್ದರೆ ಒಬ್ಬ ಎಮಿರಾಟಿ, 51ರಿಂದ 100 ಇದ್ದರೆ ಇಬ್ಬರು, 101ರಿಂದ 150 ಇದ್ದರೆ ಮೂವರು. ಆಮೇಲೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಒಬ್ಬೊಬ್ಬರು. ಈಗ ನೋಡಿ, 100ಕ್ಕೂ 101ಕ್ಕೂ ನಡುವೆ ಇರುವುದು ಒಬ್ಬನೇ ನೌಕರ. ಆ ಒಬ್ಬನಿಂದ ಗುರಿ ಇಬ್ಬರಿಂದ ಮೂವರಿಗೆ ಏರುತ್ತದೆ. ಆ ಒಬ್ಬನ ಹುದ್ದೆಯ ಹೆಸರು ನಿಮ್ಮ ದಾಖಲೆಯಲ್ಲಿ ತಪ್ಪಾಗಿದ್ದರೆ? ಡೇಟಾ ಸರಿ ಇರಬೇಕು ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಯಾವ ಕೆಲಸವನ್ನು ಕೌಶಲ್ಯದ ಕೆಲಸ ಅನ್ನುತ್ತಾರೆ?

ಮೊಹ್ರೆ ಎಲ್ಲ ಉದ್ಯೋಗಗಳನ್ನು 9 ಹಂತಗಳಾಗಿ ವಿಂಗಡಿಸಿದೆ. ಮೊದಲ 5 ಹಂತ ಕೌಶಲ್ಯದ್ದು: ಮ್ಯಾನೇಜರ್‌ಗಳು, ವೃತ್ತಿಪರರು, ಟೆಕ್ನಿಷಿಯನ್‌ಗಳು, ಕ್ಲರ್ಕ್‌ಗಳು, ಮತ್ತೆ ಮಾರಾಟ-ಸೇವೆಯವರು. ಅದರ ಜೊತೆಗೆ ದೃಢೀಕರಿಸಿದ ವಿದ್ಯಾಭ್ಯಾಸದ ಸರ್ಟಿಫಿಕೇಟ್ ಇರಬೇಕು. ಕಮಿಷನ್ ಬಿಟ್ಟು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಇರಬೇಕು.

ಸಮಸ್ಯೆ ಇರುವುದು ವೀಸಾದ ಹುದ್ದೆಗೂ ನಿಜವಾದ ಕೆಲಸಕ್ಕೂ ನಡುವಿನ ವ್ಯತ್ಯಾಸದಲ್ಲಿ. ಗಲ್ಫ್‌ನಲ್ಲಿ ಇದು ಯಾರಿಗೂ ಹೊಸದಲ್ಲ. ಹತ್ತು ವರ್ಷದ ಹಿಂದೆ ಯಾವುದೋ ಕೋಟಾದಲ್ಲಿ ವೀಸಾ ಸಿಕ್ಕಿತು ಅಂತ ‘ಸೇಲ್ಸ್‌ಮನ್’ ಆಗಿ ಬಂದವರು ಇವತ್ತು ಗೋಡೌನ್ ನೋಡಿಕೊಳ್ಳುತ್ತಿರುತ್ತಾರೆ. ‘ಕ್ಲರ್ಕ್’ ಅಂತ ಬಂದವರು ಪೂರ್ತಿ ಅಕೌಂಟೆಂಟ್ ಆಗಿರುತ್ತಾರೆ. ಒಂದು ದಿನ ಕೂತು ಪ್ರತಿಯೊಬ್ಬರ ವರ್ಕ್ ಪರ್ಮಿಟ್‌ನ ಹುದ್ದೆ, ಅವರು ಮಾಡುವ ಕೆಲಸ, ಸಂಬಳ, ಸರ್ಟಿಫಿಕೇಟ್ ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿ. ತಾಳೆಯಾಗದ ಸಾಲುಗಳು ಖಂಡಿತ ಸಿಗುತ್ತವೆ. ಅವನ್ನು ಸತ್ಯಕ್ಕೆ ಸರಿಯಾಗಿ ತಿದ್ದಿ, ಗುರಿ ಏರಲಿ ಇಳಿಯಲಿ. ಗುರಿ ಕಡಿಮೆ ಮಾಡಿಕೊಳ್ಳಲು ಎಂಜಿನಿಯರನ್ನು ಹೆಲ್ಪರ್ ಅಂತ ತೋರಿಸುವುದು ವಂಚನೆ. ಅದಕ್ಕೆ ಪ್ರತ್ಯೇಕ ದಂಡವೇ ಇದೆ. ಅದಕ್ಕಿಂತ ಹೆಚ್ಚಾಗಿ, ಹಾಗೆ ಹುದ್ದೆ ಇಳಿಸಿಕೊಂಡ ನೌಕರನಿಗೆ ಮುಂದೆ ಬೇರೆ ಕಂಪನಿಯಲ್ಲಿ ಕೆಲಸ ಹುಡುಕುವಾಗ ಅನ್ಯಾಯವಾಗುತ್ತದೆ.

ನಮ್ಮ ಶೀಟ್‌ನಲ್ಲಿ ನಾಲ್ವರು ಎಮಿರಾಟಿಗಳಿದ್ದಾರೆ, ಮೊಹ್ರೆ ಲೆಕ್ಕದಲ್ಲಿ ಮೂವರೇ. ಯಾಕೆ?

ಒಬ್ಬ ಎಮಿರಾಟಿ ಲೆಕ್ಕಕ್ಕೆ ಬರಬೇಕಾದರೆ ಮೂರು ಕಡೆ ಅವರ ಹೆಸರು ಇರಬೇಕು. ಮೊಹ್ರೆಯ ವರ್ಕ್ ಪರ್ಮಿಟ್ ಇರಬೇಕು. ಸಂಬಳ ಡಬ್ಲ್ಯುಪಿಎಸ್ ಮೂಲಕ, ಅಂದರೆ ಸಂಬಳ ಪಾವತಿಯ ಮೇಲೆ ಸರ್ಕಾರ ಕಣ್ಣಿಡುವ ವ್ಯವಸ್ಥೆಯ ಮೂಲಕ ಹೋಗುತ್ತಿರಬೇಕು. ಪಿಂಚಣಿ ನಿಧಿಯಲ್ಲಿ ನೋಂದಣಿ ಆಗಿರಬೇಕು. ಒಂದು ಕಡೆ ತಪ್ಪಿದರೂ ಆ ವ್ಯಕ್ತಿ ನಿಮ್ಮ ಆಫೀಸಿನಲ್ಲಿ ದಿನಾ ಬಂದು ಕೂತಿದ್ದರೂ ಲೆಕ್ಕದಲ್ಲಿ ಇಲ್ಲ.

ಸಾಮಾನ್ಯವಾಗಿ ತಪ್ಪುವುದು ಪಿಂಚಣಿ. ನಮ್ಮವರಿಗೆಲ್ಲ ಗ್ರ್ಯಾಚುಟಿ ಲೆಕ್ಕ ರೂಢಿ. ಎಮಿರಾಟಿಗಳಿಗೆ ಗ್ರ್ಯಾಚುಟಿ ಬದಲು ಪಿಂಚಣಿ ಇದೆ ಅನ್ನುವುದು ಅಕೌಂಟ್ಸ್‌ನವರಿಗೆ ತಲೆಗೆ ಹೋಗುವಷ್ಟರಲ್ಲಿ ಒಂದೆರಡು ತಿಂಗಳು ಕಳೆದಿರುತ್ತದೆ. ಎರಡನೆಯದು ಸಂಬಳ. ಮೊದಲ ತಿಂಗಳು ಬ್ಯಾಂಕ್ ಖಾತೆ ಸಿದ್ಧವಿಲ್ಲ ಅಂತ ಚೆಕ್ ಕೊಟ್ಟಿರುತ್ತಾರೆ. ಅದು ಡಬ್ಲ್ಯುಪಿಎಸ್‌ನಲ್ಲಿ ಕಾಣುವುದಿಲ್ಲ.

ತಾಳೆ ನೋಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ತೊಂದರೆ ಇಲ್ಲೇ ಬಗೆಹರಿಯುತ್ತದೆ. ಮೂರು ಪಟ್ಟಿ ಇಳಿಸಿಕೊಳ್ಳಿ: ಮೊಹ್ರೆಯ ನೌಕರರ ಪಟ್ಟಿ, ಆ ತಿಂಗಳ ಡಬ್ಲ್ಯುಪಿಎಸ್ ಫೈಲು, ಪಿಂಚಣಿ ಪಟ್ಟಿ. ಹೆಸರಿನ ಮೇಲೆ ಜೋಡಿಸಲು ಹೋಗಬೇಡಿ. ಒಂದೇ ‘ಮೊಹಮ್ಮದ್’ ಅನ್ನು ಇಂಗ್ಲಿಷಿನಲ್ಲಿ ಒಂದು ಪಟ್ಟಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರೆದಿರುತ್ತಾರೆ. ಒಂದರಲ್ಲಿ ತಂದೆಯ ಹೆಸರು ಇರುತ್ತದೆ, ಇನ್ನೊಂದರಲ್ಲಿ ಮನೆತನದ ಹೆಸರು ಮಾತ್ರ. ಎಮಿರೇಟ್ಸ್ ಐಡಿಯ ನಂಬರಿನ ಮೇಲೆ ಜೋಡಿಸಿ. ಅದು 784ರಿಂದ ಶುರುವಾಗುವ 15 ಅಂಕಿಯ ನಂಬರು. ಒಂದು ಕಡೆ ನಡುವೆ ಗೆರೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಎಕ್ಸೆಲ್ ಅಂತೂ ಇಷ್ಟು ಉದ್ದದ ನಂಬರನ್ನು ಕುಗ್ಗಿಸಿ ತೋರಿಸಿಬಿಡುತ್ತದೆ. ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಗೆರೆ ತೆಗೆದು, ಆಮೇಲೆ ಜೋಡಿಸಿ. ಮೂರರಲ್ಲೂ ಇರುವವರು ಲೆಕ್ಕಕ್ಕೆ ಬಂದವರು. ಉಳಿದವರ ಹೆಸರಿನ ಮುಂದೆ ಏನು ಬಾಕಿ ಅಂತ ಬರೆದಿಡಿ. ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಡಿಸೆಂಬರ್ 28ಕ್ಕೆ ಗಾಬರಿ ಆಗುವ ಸಂದರ್ಭ ಬರುವುದಿಲ್ಲ.

ನಮ್ಮಲ್ಲಿ ಇರುವುದೇ 30 ಜನ. ನಮಗೂ ಇದು ಅನ್ವಯಿಸುತ್ತದಾ?

20ರಿಂದ 49 ನೌಕರರಿರುವ, ನಿಗದಿಪಡಿಸಿದ 14 ಕ್ಷೇತ್ರಗಳ ಕಂಪನಿಗಳಿಗೆ ಅನ್ವಯಿಸುತ್ತದೆ. ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಕಟ್ಟಡ, ಸಗಟು ಮತ್ತು ಚಿಲ್ಲರೆ ವ್ಯಾಪಾರ, ಸಾರಿಗೆ, ಹೋಟೆಲ್ ಎಲ್ಲ ಅದರಲ್ಲಿವೆ. 2024ರಲ್ಲಿ ಒಬ್ಬ, 2025ರಲ್ಲಿ ಇನ್ನೊಬ್ಬ ಎಮಿರಾಟಿಯನ್ನು ಸೇರಿಸಿಕೊಳ್ಳಬೇಕಿತ್ತು. ದುಬೈಯಲ್ಲಿ ನಮ್ಮವರು ನಡೆಸುವ ಎಷ್ಟೋ ಟ್ರೇಡಿಂಗ್ ಕಂಪನಿಗಳು, ರೆಸ್ಟೋರೆಂಟ್ ಸರಣಿಗಳು ಈ ಗಾತ್ರದವೇ.

ಗುರಿ ಮುಟ್ಟದಿದ್ದರೆ ದಂಡ ಎಷ್ಟು?

ದೊಡ್ಡ ಕಂಪನಿಗಳಿಗೆ, ಸೇರಿಸಿಕೊಳ್ಳದ ಪ್ರತಿ ಎಮಿರಾಟಿಗೆ ತಿಂಗಳಿಗೆ 6,000 ದಿರ್ಹಂನಿಂದ ಶುರುವಾಗಿ ಪ್ರತಿ ವರ್ಷ 1,000 ಏರುತ್ತಾ ಬಂದಿದೆ. 2025ಕ್ಕೆ ತಿಂಗಳಿಗೆ 9,000. ಅಂದರೆ ವರ್ಷಕ್ಕೆ ಒಬ್ಬರಿಗೆ 1,08,000 ದಿರ್ಹಂ. ಸಣ್ಣ ಕಂಪನಿಗಳಿಗೆ 2024ರ ಗುರಿ ತಪ್ಪಿದ್ದಕ್ಕೆ 96,000, 2025ರದ್ದಕ್ಕೆ 1,08,000.

ದಂಡ ಕಟ್ಟುವುದೇ ಅಗ್ಗ ಅಲ್ವಾ?

ಈ ಮಾತು ಮಾಲೀಕರ ಕಡೆಯಿಂದ ಬರುತ್ತದೆ. ಉತ್ತರವನ್ನು ಅಂಕಿಯಲ್ಲೇ ಕೊಡಿ. 2025ರ ದರದಂತೆ ತಿಂಗಳಿಗೆ 9,000 ದಿರ್ಹಂ ದಂಡ ಕಟ್ಟಿದರೆ ಕೈಗೆ ಏನೂ ಬರುವುದಿಲ್ಲ. ಅದೇ ಹಣಕ್ಕೆ ಸ್ವಲ್ಪ ಸೇರಿಸಿದರೆ ಪದವಿ ಮುಗಿಸಿದ, ಅರಬ್ಬಿ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬರು ನಿಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಜೊತೆಗೆ ಅರ್ಹರಾದವರಿಗೆ ನಫೀಸ್‌ನಿಂದ ತಿಂಗಳಿಗೆ 7,000 ದಿರ್ಹಂವರೆಗೂ ಸರ್ಕಾರವೇ ಸೇರಿಸಿ ಕೊಡುತ್ತದೆ. ಅದು ನೇರ ನೌಕರರಿಗೆ ಸೇರಬೇಕಾದ ಹಣ, ಕಂಪನಿಗಲ್ಲ. ‘ನಿನಗೆ ನಫೀಸ್ ಬರುತ್ತದಲ್ಲ’ ಅಂತ ಸಂಬಳ ಇಳಿಸುವುದು ತಪ್ಪು, ಅದರ ಬಗ್ಗೆ ಸಚಿವಾಲಯ ಸ್ಪಷ್ಟವಾಗಿ ಎಚ್ಚರಿಸಿದೆ.

ಲೆಕ್ಕ ಹಾಕುವಾಗ ಪಿಂಚಣಿ ಮರೆಯಬೇಡಿ. 2023ರ ಅಕ್ಟೋಬರ್ 31ರ ನಂತರ ಮೊದಲ ಸಲ ಪಿಂಚಣಿ ವ್ಯವಸ್ಥೆಗೆ ಸೇರಿದವರಿಗೆ ಹೊಸ ಕಾನೂನು. ಅದರಲ್ಲಿ ನೌಕರನ ಪಾಲು ಶೇ 11, ಕಂಪನಿಯದು ಶೇ 15. ಆಫರ್ ಲೆಟರ್ ಕೊಡುವಾಗಲೇ ಕೈಗೆ ಬರುವ ಸಂಬಳ ಎಷ್ಟು ಅಂತ ಬಿಡಿಸಿ ಹೇಳಿ. ಮೊದಲ ಸಂಬಳದ ಚೀಟಿ ನೋಡಿ ಬೇಜಾರಾಗಿ ಬಿಟ್ಟುಹೋಗುವವರಿದ್ದಾರೆ.

ಹೆಸರಿಗೆ ಮಾತ್ರ ಸೇರಿಸಿಕೊಂಡು, ಮನೆಯಲ್ಲೇ ಇರಿ ಅಂದರೆ ಆಗುವುದಿಲ್ಲವಾ?

ಆಗುವುದಿಲ್ಲ. ಇದನ್ನು ನಕಲಿ ಎಮಿರಟೈಸೇಷನ್ ಅನ್ನುತ್ತಾರೆ. 2022ರ ಮಧ್ಯದಿಂದ 2024ರ ಕೊನೆಯವರೆಗೆ 1,800ಕ್ಕೂ ಹೆಚ್ಚು ಕಂಪನಿಗಳು ಇದರಲ್ಲಿ ಸಿಕ್ಕಿಬಿದ್ದಿವೆ. 2024ರ ಕಾನೂನು ತಿದ್ದುಪಡಿಯ ನಂತರ ಇಂಥ ನಕಲಿ ನೇಮಕಾತಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಇದೆ. ಎಷ್ಟು ಜನರ ವಿಷಯದಲ್ಲಿ ಮೋಸ ಆಗಿದೆಯೋ ಅಷ್ಟು ಪಟ್ಟು ಅದು ಬೆಳೆಯಬಹುದು.

ಡೇಟಾ ನೋಡುವ ಅಭ್ಯಾಸ ಇರುವವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಸಂಬಳ ಹೋಗುತ್ತಿದೆ, ಆದರೆ ಹಾಜರಾತಿ ಇಲ್ಲ, ಇಮೇಲ್ ಖಾತೆ ಇಲ್ಲ, ಮೇಲಧಿಕಾರಿ ಯಾರು ಅಂತ ಇಲ್ಲ, ತರಬೇತಿಯ ದಾಖಲೆ ಇಲ್ಲ. ನಿಮಗೆ ಕಾಣುವುದು ತಪಾಸಣೆಗೆ ಬಂದವರಿಗೂ ಕಾಣುತ್ತದೆ. ನನ್ನ ಕಳಕಳಿ ದಂಡದ್ದಷ್ಟೇ ಅಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ಓದು ಮುಗಿಸಿ ಕೆಲಸ ಅಂತ ಬಂದರೆ ಅವಳಿಗೆ ಕುರ್ಚಿಯನ್ನೇ ಕೊಡದೆ ಎರಡು ವರ್ಷ ಕಳೆಸಿದರೆ, ಅವಳ ರೆಸ್ಯೂಮೆಯಲ್ಲಿ ಎರಡು ವರ್ಷದ ಅನುಭವ ಅಂತ ಇರುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಮುಂದಿನ ಕಂಪನಿ ಅವಳನ್ನು ನೋಡಿ ‘ಇವರಿಗೆ ಕೆಲಸ ಬರುವುದಿಲ್ಲ’ ಅನ್ನುತ್ತದೆ. ಆ ಹೆಸರು ತಂದಿದ್ದು ಯಾರು?

ನೇಮಕಾತಿ ಸುಧಾರಿಸಲು ಯಾವ ಡೇಟಾ ನೋಡಬೇಕು?

ಮೊದಲು, ಬಿಟ್ಟುಹೋದವರ ಡೇಟಾ. ಇದು ನನ್ನ ಗಟ್ಟಿ ಅಭಿಪ್ರಾಯ. ಬಹಳಷ್ಟು ಕಂಪನಿಗಳು ‘ಜನ ಸಿಗುತ್ತಿಲ್ಲ’ ಅನ್ನುತ್ತವೆ. ಎರಡು ವರ್ಷದ ಪಟ್ಟಿ ತೆಗೆದರೆ ಜನ ಸಿಕ್ಕಿರುತ್ತಾರೆ, ನಿಂತಿರುವುದಿಲ್ಲ. ಎಂಟು ಜನ ಸೇರಿ ಐದು ಜನ ಹೋಗಿದ್ದರೆ ಒಂಬತ್ತನೆಯವರನ್ನು ಹುಡುಕುವ ಮೊದಲು ಆ ಐದು ಜನ ಯಾಕೆ ಹೋದರು ಅಂತ ನೋಡಬೇಕಲ್ವಾ?

ಪ್ರತಿಯೊಬ್ಬರಿಗೂ ಸೇರಿದ ದಿನ, ಬಿಟ್ಟ ದಿನ, ವಿಭಾಗ, ಮೇಲಧಿಕಾರಿ, ಕೆಲಸದ ವೇಳೆ, ಮನೆ ಇರುವ ಊರು ಬರೆಯಿರಿ. ಆಮೇಲೆ ಎಷ್ಟು ತಿಂಗಳಿಗೆ ಬಿಟ್ಟರು ಅಂತ ಜೋಡಿಸಿ. ಯುಎಇ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಗರಿಷ್ಠ 6 ತಿಂಗಳು. ಬಿಟ್ಟವರಲ್ಲಿ ಹೆಚ್ಚಿನವರು ಈ 6 ತಿಂಗಳ ಒಳಗೇ ಹೋಗಿದ್ದರೆ ತೊಂದರೆ ಆಯ್ಕೆಯಲ್ಲಿದೆ ಅಥವಾ ಮೊದಲ ವಾರಗಳಲ್ಲಿದೆ. ಒಂದೂವರೆ, ಎರಡು ವರ್ಷಕ್ಕೆ ಹೋಗುತ್ತಿದ್ದರೆ ಮುಂದಿನ ಮೆಟ್ಟಿಲು ಕಾಣದೆ ಹೋಗುತ್ತಿದ್ದಾರೆ. ಎರಡಕ್ಕೂ ಮದ್ದು ಬೇರೆ. ಒಂದೇ ವಿಭಾಗದಿಂದ ಹೋಗುತ್ತಿದ್ದರೆ ಆ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಬೇಕು. ಕೆಲವು ಸಲ ಆ ಮುಖ್ಯಸ್ಥರು ನಮ್ಮವರೇ ಆಗಿರುತ್ತಾರೆ. ಹೊಸಬರಿಗೆ ಕೆಲಸ ಕಲಿಸಿದರೆ ತಮ್ಮ ಕುರ್ಚಿ ಹೋಗುತ್ತದೆ ಅನ್ನುವ ಭಯ ಅವರಿಗೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೂ ಉತ್ತರ ಕೊಡಬೇಕು. ಮುಂದೆ ಅದಕ್ಕೆ ಬರುತ್ತೇನೆ.

ದೂರದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ತುಂಬ ಎಮಿರಾಟಿ ಯುವಜನರ ಮನೆ ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ, ಫುಜೈರಾದಲ್ಲಿ. ಕೆಲಸ ದುಬೈಯಲ್ಲಿ. ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಬರುವ ರಸ್ತೆಯಲ್ಲಿ ನಿಂತವರಿಗೆ ಅದೇನು ಅಂತ ಗೊತ್ತು. ರಾಸ್ ಅಲ್ ಖೈಮಾದಿಂದ ದಿನಾ ನೂರು ಕಿಲೋಮೀಟರ್ ಬಂದು ಹೋಗುವವರು ಎಷ್ಟು ತಿಂಗಳು ನಿಲ್ಲುತ್ತಾರೆ? ನಿಮ್ಮ ಕಂಪನಿಗೆ ಶಾರ್ಜಾದಲ್ಲೋ ಉತ್ತರದ ಎಮಿರೇಟ್‌ಗಳಲ್ಲೋ ಒಂದು ಬ್ರಾಂಚ್ ಇದ್ದರೆ ಹುದ್ದೆಯನ್ನು ಅಲ್ಲಿಗೆ ಕೊಡಿ.

ವೇಳೆಯೂ ಹಾಗೇ. 2022ರ ಜನವರಿಯಿಂದ ಫೆಡರಲ್ ಸರ್ಕಾರಿ ಕಚೇರಿಗಳಿಗೆ ವಾರಕ್ಕೆ ನಾಲ್ಕೂವರೆ ದಿನ ಕೆಲಸ. ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅಣ್ಣ, ಅಕ್ಕ ಅಲ್ಲಿ ಕೆಲಸ ಮಾಡುವಾಗ ತಂಗಿಗೆ ಮಾತ್ರ ಶನಿವಾರವೂ ಕೆಲಸ ಅಂದರೆ ಮನೆಯಲ್ಲಿ ಮಾತು ಬರುತ್ತದೆ. ಎಲ್ಲ ಹುದ್ದೆಗೂ ಶನಿವಾರ ಬೇಕಾ ಅಂತ ಹಾಜರಾತಿಯ ಡೇಟಾ ನೋಡಿ. ಬೇಡದ ಹುದ್ದೆಗಳು ಸಿಗುತ್ತವೆ. ಅಲ್ಲಿಂದ ಶುರು ಮಾಡಿ, ಮತ್ತು ಆ ರಜೆ ಆ ಹುದ್ದೆಯ ಎಲ್ಲರಿಗೂ ಸಿಗಲಿ.

ಅರ್ಜಿ ಬರುತ್ತದೆ, ಕೊನೆಗೆ ಯಾರೂ ಸೇರುವುದಿಲ್ಲ. ಎಲ್ಲಿ ಸೋರುತ್ತಿದೆ ಅಂತ ಹೇಗೆ ತಿಳಿಯುವುದು?

ಪ್ರತಿ ಹಂತಕ್ಕೂ ತಾರೀಖು ಬರೆಯಿರಿ. ಅರ್ಜಿ ಬಂದ ದಿನ, ಫೋನ್ ಮಾಡಿದ ದಿನ, ಸಂದರ್ಶನ, ಆಫರ್, ಸೇರಿದ ದಿನ. ಹೆಚ್ಚಿನ ಕಡೆ ಸೋರುವುದು ಅರ್ಜಿಗೂ ಮೊದಲ ಫೋನಿಗೂ ನಡುವೆ. ಮೂರು ವಾರ ಬಿಟ್ಟು ಫೋನ್ ಮಾಡಿದರೆ ಆ ಅಭ್ಯರ್ಥಿ ಬೇರೆ ಕಡೆ ಸೇರಿರುತ್ತಾರೆ. ನಿಮ್ಮಂಥ ಕಂಪನಿಗಳೆಲ್ಲ ಅದೇ ಜೂನ್, ಅದೇ ಡಿಸೆಂಬರ್‌ನಲ್ಲಿ ಅವರನ್ನೇ ಹುಡುಕುತ್ತಿರುತ್ತವೆ. ಫೆಬ್ರವರಿಯಲ್ಲಿ, ಸೆಪ್ಟೆಂಬರ್‌ನಲ್ಲಿ ಹುಡುಕುವವರಿಗೆ ಪೈಪೋಟಿ ಕಡಿಮೆ.

ಜಾಹೀರಾತು ಹೇಗಿರಬೇಕು?

ಗೌರವದಿಂದ ಇರಬೇಕು. 2022ರ ಕೊನೆಯಲ್ಲಿ ಒಂದು ಫಾಸ್ಟ್‌ಫುಡ್ ಸರಣಿಗೆ ಸ್ಯಾಂಡ್‌ವಿಚ್ ಮಾಡುವ ಕೆಲಸಕ್ಕೆ ಎಮಿರಾಟಿಗಳು ಬೇಕು ಅಂತ ಬಂದ ಜಾಹೀರಾತು ದೇಶವಿಡೀ ಹರಿದಾಡಿತು. ಜನ ಸಿಟ್ಟಾದರು, ಪಬ್ಲಿಕ್ ಪ್ರಾಸಿಕ್ಯೂಷನ್ ತನಿಖೆಯನ್ನೂ ಶುರು ಮಾಡಿತು. ಯಾವ ಕೆಲಸವೂ ಕೀಳಲ್ಲ, ಅದು ನಿಜ. ಆದರೆ ಗುರಿ ತುಂಬಿಸಲು ಯಾರನ್ನಾದರೂ ಎಲ್ಲಿಯಾದರೂ ಕೂರಿಸುತ್ತೇವೆ ಅನ್ನುವ ಧೋರಣೆ ಜಾಹೀರಾತಿನಲ್ಲಿ ಕಂಡರೆ ಓದುವವರಿಗೆ ನೋವಾಗುತ್ತದೆ. ಹುದ್ದೆ ಏನು, ಸಂಬಳ ಎಷ್ಟು, ವೇಳೆ ಏನು, ಮೂರು ವರ್ಷದಲ್ಲಿ ಎಲ್ಲಿಗೆ ಏರಬಹುದು, ಇಷ್ಟನ್ನು ಅರಬ್ಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಿರಿ.

ಯಾವ ಹುದ್ದೆಗಳಿಗೆ ಎಮಿರಾಟಿಗಳನ್ನು ಸೇರಿಸಬೇಕು ಅಂತ ಹೇಗೆ ನಿರ್ಧರಿಸುವುದು?

ರಿಸೆಪ್ಷನ್ ಮತ್ತು ಎಚ್‌ಆರ್ ಎರಡೇ ಕಡೆ ತುಂಬುವುದು ಎಲ್ಲರೂ ಮಾಡುವ ಕೆಲಸ. ಅಲ್ಲಿ ಏರಲು ಜಾಗವಿಲ್ಲ, ಹಾಗಾಗಿ ಜನ ನಿಲ್ಲುವುದಿಲ್ಲ. ಕಳೆದ ಮೂರು ವರ್ಷದಲ್ಲಿ ಯಾವ ಹುದ್ದೆಗಳು ತಾವಾಗಿಯೇ ಖಾಲಿಯಾದವು ಅಂತ ನೋಡಿ. ಊರಿಗೆ ವಾಪಸ್ ಹೋದವರು, ಕೆನಡಾಕ್ಕೆ ಹೋದವರು, ನಿವೃತ್ತರಾದವರು ಎಲ್ಲ ಸೇರಿ ವರ್ಷಕ್ಕೆ ಕೆಲವು ಕುರ್ಚಿಗಳು ಖಾಲಿಯಾಗಿಯೇ ಆಗುತ್ತವೆ. ಮುಂದಿನ ವರ್ಷ ಯಾವುವು ಖಾಲಿಯಾಗಬಹುದು ಅಂತ ಆರು ತಿಂಗಳು ಮೊದಲೇ ಅಂದಾಜು ಮಾಡಿ, ಆ ಕೆಲಸಕ್ಕೆ ಒಬ್ಬ ಎಮಿರಾಟಿ ಟ್ರೈನಿಯನ್ನು ಈಗಲೇ ಸೇರಿಸಿ. ಹೋಗುವವರೇ ಇದ್ದು ಕಲಿಸಿಕೊಟ್ಟು ಹೋಗುತ್ತಾರೆ. ಗಂಡುಮಕ್ಕಳ ವಿಷಯದಲ್ಲಿ ಇನ್ನೊಂದು ಗಮನಿಸಿ: 2014ರಿಂದ ರಾಷ್ಟ್ರೀಯ ಸೇವೆ ಕಡ್ಡಾಯ. ಅದು ಮುಗಿದಿದೆಯೋ ಬಾಕಿಯೋ ಅಂತ ಮೊದಲೇ ಕೇಳಿ, ಯೋಜನೆಯಲ್ಲಿ ಸೇರಿಸಿಕೊಳ್ಳಿ.

ಹಾಗಾದರೆ ನಮ್ಮ ಕೆಲಸ ಹೋಗುತ್ತದಾ?

ಈ ಪ್ರಶ್ನೆಯನ್ನು ಕೇಳಲು ಜನ ಹಿಂಜರಿಯುತ್ತಾರೆ, ಆದರೆ ಮನಸ್ಸಿನಲ್ಲಿ ಇರುವುದು ಇದೇ. ಗುರಿ ಇರುವುದು ಕೌಶಲ್ಯದ ಹುದ್ದೆಗಳ ಶೇ 10ರ ಮೇಲೆ. ಉಳಿದ ಶೇ 90 ಬೇರೆಯವರಿಗೆ ತೆರೆದೇ ಇದೆ. ಬೆಳೆಯುವ ಕಂಪನಿಯಲ್ಲಿ ಹೊಸ ಹುದ್ದೆಗಳು ಇದಕ್ಕೆ ಸಾಕಾಗುತ್ತವೆ. ಬೆಳೆಯದ ಕಂಪನಿಯಲ್ಲಿ ಮಾತ್ರ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಕೂರಿಸುವ ಸ್ಥಿತಿ ಬರುತ್ತದೆ, ಅದು ನೋವಿನ ಸಂಗತಿಯೇ. ಮೇಲೆ ಹೇಳಿದಂತೆ ಖಾಲಿಯಾಗುವ ಕುರ್ಚಿಗಳನ್ನು ಮೊದಲೇ ಲೆಕ್ಕ ಹಾಕುವ ಕಂಪನಿ ಯಾರನ್ನೂ ತೆಗೆಯದೆ ಗುರಿ ಮುಟ್ಟಬಹುದು. ಲೆಕ್ಕ ಹಾಕದ ಕಂಪನಿ ಡಿಸೆಂಬರ್‌ನಲ್ಲಿ ಯಾರದೋ ಹೆಸರಿನ ಮೇಲೆ ಗೆರೆ ಎಳೆಯುತ್ತದೆ. ಎಚ್‌ಆರ್‌ನಲ್ಲಿ ಕೂತ ನಮ್ಮವರು ಈ ಡೇಟಾ ಕೆಲಸವನ್ನು ಮನಸ್ಸಿಟ್ಟು ಮಾಡಬೇಕಾದ್ದು ಈ ಕಾರಣಕ್ಕೂ ಹೌದು.

ಪ್ರಜೆಗಳಿಗೆ ಆದ್ಯತೆ ಕೊಡುವುದು ತಾರತಮ್ಯ ಆಗುವುದಿಲ್ಲವಾ?

2021ರ ಕಾರ್ಮಿಕ ಕಾನೂನು ಜನಾಂಗ, ಬಣ್ಣ, ಲಿಂಗ, ಧರ್ಮ, ರಾಷ್ಟ್ರೀಯತೆ ಮುಂತಾದವುಗಳ ಮೇಲೆ ತಾರತಮ್ಯವನ್ನು ನಿಷೇಧಿಸುತ್ತದೆ. ಎಮಿರಾಟಿಗಳ ಪಾಲು ಹೆಚ್ಚಿಸುವ ಕ್ರಮಗಳು ತಾರತಮ್ಯ ಅಲ್ಲ ಅಂತ ಅದೇ ಕಾನೂನು ಹೇಳುತ್ತದೆ.

ಸೌದಿಯಲ್ಲೂ ಹೀಗೇನಾ?

ಉದ್ದೇಶ ಒಂದೇ, ಲೆಕ್ಕ ಬೇರೆ. ಅಲ್ಲಿ 2011ರಲ್ಲಿ ಬಂದ ನಿತಾಕತ್ ಕಂಪನಿಗಳನ್ನು ಕೆಂಪು, ಹಸಿರು, ಪ್ಲಾಟಿನಂ ಹೀಗೆ ಬಣ್ಣಗಳಲ್ಲಿ ವಿಂಗಡಿಸುತ್ತದೆ. ಕೆಂಪಿಗೆ ಬಿದ್ದರೆ ಹೊಸ ವೀಸಾ ಸಿಗುವುದಿಲ್ಲ. 2013ರ ಹೊತ್ತಿಗೆ ನಮ್ಮ ಕರಾವಳಿಯ ಮನೆಮನೆಯಲ್ಲೂ ಈ ಹೆಸರು ಆತಂಕ ಹುಟ್ಟಿಸಿತ್ತು.

ಡೇಟಾದ ದೃಷ್ಟಿಯಿಂದ ಸೌದಿಯಿಂದ ಕಲಿಯುವುದು ಜಾಸ್ತಿ ಇದೆ. ಅಲ್ಲಿ 2021ರಿಂದ 4,000 ರಿಯಾಲ್ ಸಂಬಳ ಇದ್ದರೆ ಒಬ್ಬ ಸೌದಿ ಪೂರ್ತಿ ಒಬ್ಬನಾಗಿ ಲೆಕ್ಕ, 3,000ದಿಂದ 4,000ದ ನಡುವೆ ಇದ್ದರೆ ಅರ್ಧ, ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕೇ ಇಲ್ಲ. ಕಡಿಮೆ ಸಂಬಳಕ್ಕೆ ಹೆಸರು ಬರೆಸಿಕೊಳ್ಳುವ ದಾರಿಯನ್ನು ಹೀಗೆ ಕಿರಿದು ಮಾಡಿದರು. ಮೊದಲು 49 ಜನರ ಕಂಪನಿ ಒಂದು ವರ್ಗ, 50 ಆದರೆ ಇನ್ನೊಂದು ವರ್ಗ ಅಂತಿತ್ತು. ಒಬ್ಬರನ್ನು ಸೇರಿಸಿದರೆ ಗುರಿ ಒಮ್ಮೆಲೇ ಜಿಗಿಯುತ್ತಿತ್ತು. 2021ರ ಡಿಸೆಂಬರ್‌ನಿಂದ ಕಂಪನಿಯ ಗಾತ್ರದ ಜೊತೆ ಮೆಲ್ಲಗೆ ಏರುವ ಸೂತ್ರ ತಂದರು. ಇದು ಒಳ್ಳೆಯ ಬದಲಾವಣೆ.

ನಿತಾಕತ್‌ನ ಮೊದಲ 16 ತಿಂಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಜೆನಿಫರ್ ಪೆಕ್ ಅಧ್ಯಯನ ಮಾಡಿದ್ದಾರೆ. ಸುಮಾರು 63,000 ಸೌದಿಗಳಿಗೆ ಕೆಲಸ ಹೆಚ್ಚಿತು, ಸುಮಾರು 11,000 ಕಂಪನಿಗಳು ಮುಚ್ಚಿದವು ಅಂತ ಅವರ ಅಂದಾಜು. ಗುರಿ ಕೆಲಸ ಮಾಡುತ್ತದೆ, ಅದಕ್ಕೆ ಬೆಲೆಯೂ ಇದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಕರ್ನಾಟಕದ ಸ್ಥಳೀಯರ ಉದ್ಯೋಗ ಮಸೂದೆಯೂ ಇಂಥದ್ದೇ ಅಲ್ವಾ?

ಹೋಲಿಕೆ ಇದೆ. 2024ರ ಜುಲೈಯಲ್ಲಿ ಸಂಪುಟ ಒಪ್ಪಿದ ಮಸೂದೆಯಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಅಂತ ಇತ್ತು. ಉದ್ಯಮಗಳ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಸರೋಜಿನಿ ಮಹಿಷಿ ವರದಿಯ ಕಾಲದಿಂದ, ಅಂದರೆ 1980ರ ದಶಕದಿಂದ ಈ ಬೇಡಿಕೆ ಇದೆ. ಆದರೆ ಯುಎಇಯಲ್ಲಿ ಆದ್ಯತೆ ಸಿಗುವುದು ದೇಶದ ಪ್ರಜೆಗೆ. ಇಲ್ಲಿ ಒಂದೇ ದೇಶದ ಪ್ರಜೆಗಳ ನಡುವೆ ರಾಜ್ಯದ ಮೇಲೆ ಭೇದ ಮಾಡಬೇಕಾಗುತ್ತದೆ, ಅದು ಸಂವಿಧಾನದ ಪ್ರಶ್ನೆ. ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತು.

ಡೇಟಾದಲ್ಲೂ ದೊಡ್ಡ ಅಂತರ ಇದೆ. ಯುಎಇಯಲ್ಲಿ ಪರ್ಮಿಟ್, ಸಂಬಳ, ಪಿಂಚಣಿ ಮೂರೂ ಸರ್ಕಾರದ ಕಣ್ಣಿಗೆ ಕಾಣುತ್ತದೆ. ಕರ್ನಾಟಕದಲ್ಲಿ, ಮಸೂದೆಯ ಪ್ರಕಾರ ಸ್ಥಳೀಯರು ಅನ್ನಿಸಿಕೊಳ್ಳಲು ಒಬ್ಬರು ಹದಿನೈದು ವರ್ಷ ಇಲ್ಲಿದ್ದಾರಾ, ಕನ್ನಡ ಓದಲು ಬರೆಯಲು ಬರುತ್ತದಾ ಅಂತ ಲಕ್ಷಾಂತರ ಜನರಿಗೆ ಯಾರು, ಎಲ್ಲಿ ದಾಖಲಿಸುತ್ತಾರೆ? ಕನ್ನಡಿಗರಿಗೆ ಕೆಲಸ ಸಿಗಬೇಕು ಅನ್ನುವವರು ಶೇಕಡಾವಾರಿನ ಜೊತೆಗೆ ಈ ಪ್ರಶ್ನೆಗೂ ಉತ್ತರ ಹುಡುಕಬೇಕು.

ನೌಕರರ ಇಷ್ಟೆಲ್ಲ ಮಾಹಿತಿ ಜೋಡಿಸುವುದು ಕಾನೂನಿಗೆ ಸರಿಯಾ?

2021ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು ಯುಎಇಯಲ್ಲಿದೆ, ದುಬೈಯ ಹಣಕಾಸು ಫ್ರೀಝೋನ್ ಆದ ಡಿಐಎಫ್‌ಸಿಗೆ ತನ್ನದೇ ಕಾನೂನಿದೆ. ಬೇಕಾದ್ದನ್ನಷ್ಟೇ ಇಟ್ಟುಕೊಳ್ಳಿ. ಮದುವೆ ಆಗುತ್ತೀರಾ, ಮಕ್ಕಳು ಯಾವಾಗ ಅಂತ ಸಂದರ್ಶನದಲ್ಲಿ ಕೇಳಿ ಶೀಟಿಗೆ ಬರೆಯುವವರಿದ್ದಾರೆ. ಅದು ಬೇಡವೇ ಬೇಡ. ಮ್ಯಾನೇಜರ್‌ಗಳಿಗೆ ಕಳಿಸುವ ವರದಿಯಲ್ಲಿ ಎಮಿರೇಟ್ಸ್ ಐಡಿ ನಂಬರು, ಸಂಬಳ ಇರಬಾರದು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಶೀಟ್ ಹಾಕಲೇಬೇಡಿ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಾ?

500 ಜನರವರೆಗೆ ಒಂದು ಚೊಕ್ಕ ಎಕ್ಸೆಲ್ ಸಾಕು. ಕೊಳ್ಳುವುದಾದರೆ ಮೊದಲು ಡೇಟಾ ತಿದ್ದಿ, ಆಮೇಲೆ ಕೊಳ್ಳಿ.

ಡಿಸೆಂಬರ್ ಕೊನೆಯ ವಾರ ಬಂದಿದೆ, ಒಬ್ಬರು ಕಡಿಮೆ ಇದ್ದಾರೆ. ಈಗೇನು ಮಾಡುವುದು?

ಮೊದಲು ಆ ‘ಒಬ್ಬರು ಕಡಿಮೆ’ ನಿಜವಾ ಅಂತ ನೋಡಿ. ಮೂರು ಪಟ್ಟಿ ಜೋಡಿಸಿ. ಪಿಂಚಣಿ ನೋಂದಣಿ ಬಾಕಿ ಇರುವ ಒಬ್ಬರು ಅಲ್ಲೇ ಸಿಗಬಹುದು. ಕೌಶಲ್ಯದ ನೌಕರರ ಪಟ್ಟಿಯಲ್ಲಿ ಕೆಲಸ ಬಿಟ್ಟುಹೋಗಿಯೂ ಪರ್ಮಿಟ್ ರದ್ದಾಗದ ಹೆಸರುಗಳಿದ್ದರೆ ಅವನ್ನು ತೆಗೆಸಿ. ಕಳೆದ ಮೂರು ತಿಂಗಳಲ್ಲಿ ಸಂದರ್ಶನಕ್ಕೆ ಬಂದು, ನೀವು ತಡ ಮಾಡಿದ್ದಕ್ಕೆ ಕೈತಪ್ಪಿದ ಅಭ್ಯರ್ಥಿಗಳಿಗೆ ಇವತ್ತೇ ಫೋನ್ ಮಾಡಿ. ಇಷ್ಟಾದ ಮೇಲೂ ಆಗಲಿಲ್ಲವೆಂದರೆ ದಂಡ ಎಷ್ಟು ಬರುತ್ತದೆ ಅಂತ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಯಾರೋ ಒಬ್ಬರನ್ನು ಹೆಸರಿಗೆ ಸೇರಿಸಿ ಅಂದರೆ ಒಪ್ಪಬೇಡಿ. ಜನವರಿ ಮೊದಲ ವಾರದಲ್ಲೇ ಜೂನ್ ಗುರಿಗೆ ಬೇಕಾದ ಹುದ್ದೆಗಳನ್ನು ನಫೀಸ್ ಪೋರ್ಟಲ್‌ಗೆ ಹಾಕಿ.